ಓ ಅಂದವಳು

ನಾರ್ವೆಸ್ಟ್, ಸಿಡ್ನಿ
28 ಮೇ 2025

ಜೋವಿಟಾ ಅವರಿಗೆ,

ನಾನು ಮಾಧುರಿ, ಸಿಂಚನಾಳ ತಾಯಿ. ಪರಿಚಯ ಹೇಳಿಕೊಳ್ಳುವ ಅಗತ್ಯವಿಲ್ಲ ಅಂತ ಗೊತ್ತು. ಆದರೂ ನೀವು ವಿರುಪಾಕ್ಷನನ್ನು ಮದುವೆಯಾಗಿ ಮೂರು ವರ್ಷವಾದರೂ ನಾವಿಬ್ಬರೂ ಒಂದು ಸಾಲು ಬರೆದುಕೊಂಡಿಲ್ಲವಲ್ಲ, ಮೊದಲ ಸಲ ಕ್ರಮವಾಗಿಯೇ ಬರೆಯೋಣ ಅನ್ನಿಸಿತು. ವಿರುಪಾಕ್ಷನ ಕೈಯಲ್ಲಿ ಹೇಳಿ ಕಳಿಸಿದರೆ ಅರ್ಧ ಮಾತು ಅವನಲ್ಲೇ ಉಳಿದುಬಿಡುತ್ತದೆ. ನಾನು ಅವನ ಹೆಂಡತಿಯಾಗಿದ್ದಾಗಲೂ ಅದೇ ಕಥೆ. ಫೋನ್ ಮಾಡೋಣ ಅಂದರೆ ನನ್ನ ದನಿ ಏರುತ್ತದೆ. ಅದಕ್ಕೇ ಈ ಮೇಲ್. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಸಿಂಚನಾ ನನ್ನ ಐಪ್ಯಾಡ್ ಮುಟ್ಟದೆ ಇರುವವಳಲ್ಲ. ಕನ್ನಡ ಅವಳಿಗೆ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಜೂನ್ ಲಾಂಗ್ ವೀಕೆಂಡಿಗೆ ಅವಳನ್ನು ಬುಲರ್ ಬೆಟ್ಟಕ್ಕೆ ಸ್ಕೀಯಿಂಗಿಗೆ ಕರೆದೊಯ್ಯುತ್ತೀರಂತೆ. ನನಗೆ ಹೇಳಿದ್ದು ವಿರುಪಾಕ್ಷ ಅಲ್ಲ, ಸಿಂಚನಾ. ಅದೂ ಊಟ ಮಾಡುತ್ತಾ, "ಮಮ್, ವಿ ಆರ್ ಗೋಯಿಂಗ್ ಸ್ಕೀಯಿಂಗ್ ಆಸ್ ಎ ಫ್ಯಾಮಿಲಿ" ಅಂದಳು. ಫ್ಯಾಮಿಲಿ ಅನ್ನುವ ಶಬ್ದವನ್ನು ಅಲ್ಲಿ ಯಾರು ತಂದಿಟ್ಟರೋ ಗೊತ್ತಿಲ್ಲ. ನಾನು ಸಾರು ಬಡಿಸಿದೆ.

ಸೀಸನ್ನಿನ ಮೊದಲ ವಾರ ಅಲ್ಲಿ ಹಿಮ ಇರುತ್ತದೋ, ಬರೀ ಕೆಸರೋ, ಯಾರಿಗೆ ಗೊತ್ತು. ಇದ್ದರೆ, ಅವಳಿಗೆ ಚಳಿಗೆ ಕಿವಿ ನೋಯುತ್ತದೆ, ಟೋಪಿ ತೆಗೆಯಲು ಬಿಡಬೇಡಿ. ಗುಲಾಬಿ ಬಣ್ಣದ ಗ್ಲೌಸ್ ಹೊಸದಾಗಿ ಕೊಡಿಸಿ ಬ್ಯಾಗಿನಲ್ಲಿ ಇಟ್ಟಿದ್ದೇನೆ, ಅದನ್ನೇ ಹಾಕಿಸಿ. ಶೇಂಗಾ ಹೋಳಿಗೆಯ ಡಬ್ಬಿಯೂ ಇದೆ.

ಇನ್ನೊಂದು ಮಾತು ನೇರವಾಗಿಯೇ ಹೇಳಿಬಿಡುತ್ತೇನೆ. ಮುಂದಿನ ವರ್ಷ ಅವಳು ಹೈಸ್ಕೂಲ್. ಇಲ್ಲಿ ನನ್ನ ಹತ್ತಿರ ಇರುವುದೋ, ಮೆಲ್ಬರ್ನಿನಲ್ಲಿ ಅಪ್ಪನ ಮನೆಯಲ್ಲಿ ಇರುವುದೋ, ಅವಳನ್ನೇ ಕೇಳೋಣ ಎಂದು ನಾನೂ ವಿರುಪಾಕ್ಷನೂ ಒಪ್ಪಿದ್ದೇವೆ. ಆಗಸ್ಟಿನಲ್ಲಿ ಹೇಳುತ್ತಾಳೆ. ಅಲ್ಲಿಯವರೆಗೆ ಯಾರೂ ಅವಳ ತಲೆ ತುಂಬಬಾರದು ಅಂತ ಮಾತಾಗಿದೆ. ಒಂದು ಬೆಟ್ಟ ಹಿಮ ತೋರಿಸುವುದು ತಲೆ ತುಂಬುವುದಲ್ಲದೆ ಮತ್ತೇನು? ನೀವೇ ಯೋಚಿಸಿ.

ಮಾಧುರಿ

*

ಪಾಯಿಂಟ್ ಕುಕ್, ಮೆಲ್ಬರ್ನ್
31 ಮೇ 2025

ಪ್ರೀತಿಯ ಮಾಧುರಿಯವರಿಗೆ,

ನಿಮ್ಮ ಪತ್ರ ಬಂದದ್ದು ತುಂಬಾ ಸಂತೋಷ. ನನ್ನ ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಬೇಕು. ಮನೆಯಲ್ಲಿ ನಮ್ಮದು ಕೊಂಕಣಿ. ಕನ್ನಡ ಬಂಟ್ವಾಳದ ಶಾಲೆಯಲ್ಲಿ ಕಲಿತದ್ದು. ಅಲ್ಲಿ ನಮ್ಮ ಸಿಸ್ಟರ್ ಒಂದು ಒತ್ತಕ್ಷರ ತಪ್ಪಿದರೂ ಇಡೀ ಪಾಠ ತಿರುಗಿ ಬರೆಸುತ್ತಿದ್ದರು. ಹಾಗಾಗಿ ತಪ್ಪು ಕನ್ನಡ ಕಂಡರೆ ಈಗಲೂ ಕೈ ತಾನಾಗಿ ತಿದ್ದುತ್ತದೆ. ವಿರುಪಾಕ್ಷ ನನಗೆ, "ನೀ ಮಾತಾಡಿದ್ರ ರೇಡಿಯೋದಾಗ ವಾರ್ತೆ ಓದಿದಂಗ ಇರ್ತದ" ಎಂದು ತಮಾಷೆ ಮಾಡುತ್ತಾರೆ.

ಕಿವಿಯ ವಿಷಯದಲ್ಲಿ ಚಿಂತೆ ಬೇಡ, ನಾನು ನರ್ಸ್ ಅಲ್ಲವೇ. ಗ್ಲೌಸ್ ಹಾಕಿಸುತ್ತೇನೆ. ನನ್ನದು ಈಗ ಬೆಳಗಿನ ಡ್ಯೂಟಿ, ಮಧ್ಯಾಹ್ನವೇ ಮನೆಗೆ ಬರುವುದರಿಂದ ತಯಾರಿಗೆ ಬೇಕಾದಷ್ಟು ಸಮಯ ಇದೆ.

ತಲೆ ತುಂಬುವ ಮಾತು ಓದಿ ಸ್ವಲ್ಪ ಬೇಸರವಾಯಿತು. ಈ ಸ್ಕೀಯಿಂಗ್ ನನ್ನ ಯೋಜನೆ ಅಲ್ಲ ಮಾರಾಯ್ರೆ. ಯಾರದ್ದು ಎಂದು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನನಗಂತೂ ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಯಲ್ಲಿ ನೋಡಿದ್ದು ಮಾತ್ರ.

ನಿಮ್ಮ
ಜೋವಿಟಾ

*

ಪಾಯಿಂಟ್ ಕುಕ್, ಮೆಲ್ಬರ್ನ್
10 ಜೂನ್ 2025

ಪ್ರೀತಿಯ ಮಾಧುರಿಯವರಿಗೆ,

ಸಿಂಚನಾ ನಿನ್ನೆ ಸಂಜೆಯ ವಿಮಾನದಲ್ಲಿ ಸುಖವಾಗಿ ಮುಟ್ಟಿದಳು ಎಂದು ವಿರುಪಾಕ್ಷ ಹೇಳಿದರು. ಫೋಟೋಗಳನ್ನು ನಿಮ್ಮ ಐಪ್ಯಾಡಿಗೆ ಕಳುಹಿಸಿದ್ದೇನೆ, ನೋಡಿ.

ನೀವು ಹೇಳಿದ್ದು ಸರಿ. ಸೀಸನ್ ಈಗಷ್ಟೇ ಸುರುವಾದ್ದರಿಂದ ಹಿಮ ತೆಳ್ಳಗಿತ್ತು. ಹೆಚ್ಚಿನದ್ದು ದೊಡ್ಡ ಫ್ಯಾನಿನಂಥ ಯಂತ್ರಗಳು ಉಗುಳಿದ್ದೇ. ಬದಿಯಲ್ಲಿ ಹುಲ್ಲು ಕಾಣುತ್ತಿತ್ತು. ಕಲಿಯುವವರಿಗೆ ಒಂದೇ ಇಳಿಜಾರು ತೆರೆದಿದ್ದರು, ಆ ಒಂದಕ್ಕೇ ಅರ್ಧ ಮೆಲ್ಬರ್ನ್ ಬಂದಿತ್ತು. ಆದರೂ ಎಂಥ ಖುಷಿ ಗೊತ್ತುಂಟಾ! ಬೆಳಿಗ್ಗೆ ಬಾಡಿಗೆ ಬೂಟು ಹಾಕಿಕೊಳ್ಳುವುದರಲ್ಲೇ ನಮಗೆ ಬೆವರು ಕಿತ್ತುಬಂತು. ವಿರುಪಾಕ್ಷ ಎಡಗಾಲಿನದ್ದನ್ನು ಬಲಗಾಲಿಗೆ ಹಾಕಿಕೊಂಡು ಬಕಲ್ ಕೂಡುವುದಿಲ್ಲ ಎಂದು ಅಂಗಡಿಯವನೊಡನೆ ವಾದ ಮಾಡಿದರು. ಕಲಿಸುವ ಹುಡುಗಿ ಹೇಳಿಕೊಟ್ಟದ್ದು ಇಷ್ಟೇ. ಸ್ಕೀಗಳ ಮೂತಿ ಹತ್ತಿರ ತಂದು ಪಿಜ್ಜಾ ತುಂಡಿನಂತೆ ಮಾಡಿದರೆ ನಿಲ್ಲುತ್ತದೆ, ಚಿಪ್ಸಿನಂತೆ ನೇರ ಇಟ್ಟರೆ ಓಡುತ್ತದೆ. ವಿರುಪಾಕ್ಷ "ಪಿಜ್ಜಾ, ಪಿಜ್ಜಾ" ಎಂದು ಕೂಗುತ್ತಲೇ ನೇರ ಹೋಗಿ ಅಂಚಿಗೆ ಕಟ್ಟಿದ್ದ ಬಲೆಗೆ ಸಿಕ್ಕಿಕೊಂಡರು. ಸಿಂಚನಾ ಮಾತ್ರ ಊಟದ ಹೊತ್ತಿಗೆ ಕಲಿತೇಬಿಟ್ಟಳು. ಮೂವರೂ ಹಿಮದ ಮೇಲೆ ಕುಳಿತು ಚಪಾತಿ ರೋಲ್ ತಿಂದು, ಫ್ಲಾಸ್ಕಿನ ಚಹಾ ಕುಡಿದೆವು.

ಈಗ ಒಂದು ವಿಷಯ. ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ ಎನಿಸಿತು. ಎರಡನೆಯ ದಿನ ಸಿಂಚನಾ ಮೇಲಿನಿಂದ ಸ್ವಲ್ಪ ಜೋರಾಗಿ ಬಂದು ಹುಲ್ಲಿನ ಅಂಚಿಗೆ ತಾಗಿ ಬಿದ್ದಳು. ಒಂದು ಸ್ಕೀ ಕಳಚಿ ಎಲ್ಲಿಯೋ ಹೋಯಿತು. ಬಿದ್ದವಳು "ಅವ್ವಾ!" ಎಂದು ಕೂಗಿದಳು. ನಾನು ಕೆಳಗೆ ನಿಂತಿದ್ದೆ. ನನಗೆ ಗೊತ್ತಿಲ್ಲದೆಯೇ "ಓ" ಎಂದೆ. "ಓ, ಬಂದೆ" ಎಂದು ಆ ಭಾರದ ಬೂಟಿನಲ್ಲಿ ಹತ್ತಿ ಓಡಿದೆ. ಪೆಟ್ಟೇನೂ ಆಗಿರಲಿಲ್ಲ, ಹೆದರಿದ್ದಳು ಅಷ್ಟೆ.

ಒಂದು ಮಾತು ಕೂಡಾ ಕನ್ನಡದಲ್ಲಿ ಆಡದ ಮಗು ಅದು. ನಾನು ಇಷ್ಟು ವರ್ಷ ಅವಳಿಗೆ ಜೋವಿಟಾ ಆಂಟಿ. ನನ್ನನ್ನು ಯಾರೂ ಹಾಗೆ ಕರೆದವರಿಲ್ಲ. ನೀವು ತಪ್ಪು ತಿಳಿಯಬಾರದು.

ನಿಮ್ಮ
ಜೋವಿಟಾ

*

ನಾರ್ವೆಸ್ಟ್, ಸಿಡ್ನಿ
10 ಜೂನ್ 2025

ಜೋವಿಟಾ,

ಫೋಟೋ ನೋಡಿದೆ. ಮೂವರಿಗೂ ಒಂದೇ ನೀಲಿ ಟೋಪಿ, ಒಂದೇ ನೀಲಿ ಗ್ಲೌಸ್, ಬ್ಯಾಂಡ್ ಸೆಟ್ಟಿನವರ ಹಾಗೆ. ಎಷ್ಟು ಚೆಂದದ ಫ್ಯಾಮಿಲಿ! ನಾನು ಕೊಡಿಸಿದ ಗುಲಾಬಿ ಗ್ಲೌಸ್ ಎಲ್ಲಿ? ಹಾಕಿಸುತ್ತೇನೆ ಅಂತ ಬರೆದಿದ್ದಿರಲ್ಲ? ನನ್ನ ಮಗಳ ಕೈಗೆ ಕೂಡ ನಿಮ್ಮ ಬಣ್ಣವೇ ಆಗಬೇಕಿತ್ತೇ?

ಅದು ಹೋಗಲಿ. ಗ್ಲೌಸಿಗೆ ನಾನು ಅಳುವುದಿಲ್ಲ. ಆ ಇನ್ನೊಂದು ವಿಷಯ ಬರೆದಿದ್ದೀಯಲ್ಲ, ಹೌದು, ಏಕವಚನವೇ, ಇನ್ನು ನನ್ನಿಂದ ನೀವು ನೀವು ಅನ್ನಲಾಗುವುದಿಲ್ಲ. ಅವ್ವ ಅನ್ನುವುದು ನಿನಗೆ ಪಾಠಪುಸ್ತಕದ ಶಬ್ದ. ನನಗೆ ಅದು ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಯಲ್ಲಿ ಸೆರಗು ಬಿಡದೆ ಹಿಡಿದು ನಡೆದ ನನ್ನವ್ವ. ಸಿಂಚನಾ ಹುಟ್ಟಿದಾಗಿನಿಂದ "ಅವ್ವ ಅನ್ನು, ಪುಟ್ಟಿ, ಒಂದ್ ಸಲ ಅನ್ನು" ಅಂತ ಕೇಳಿಕೊಂಡಿದ್ದೇನೆ. ಮಮ್ಮಿ ಆಯಿತು, ಮಮ್ ಆಯಿತು, ಅವ್ವ ಆಗಲೇ ಇಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ನಗುತ್ತಾರಂತೆ. ಸರಿ, ಬೇಡ ಬಿಡು ಅಂತ ನಾನೇ ಸುಮ್ಮನಾದೆ. ನಾನು ಬೇಡಿ ಬೇಡಿ ಬಿಟ್ಟದ್ದು ಒಂದು ವಾರಾಂತ್ಯದ ಹಿಮಕ್ಕೆ ನಿನಗೆ ಸಿಕ್ಕಿತೇ?

ನೀ ಯಾಕ ಓ ಅಂದಿ? ಯಾರ್ ಹೇಳಿದ್ರು ನಿನಗ ಓ ಅನ್ನಾಕ? ನಾನೇನ್ ಸತ್ತೀನೇನು?

ಎತ್ತಬಾರದಿತ್ತು ಅಂತ ಹೇಳುತ್ತಿಲ್ಲ. ಎತ್ತು. ನರ್ಸ್ ಇದ್ದೀ, ಕಾಲು ಕೈ ನೋಡು. ಆದರೆ ಆ ಹೆಸರಿಗೆ ಓಗೊಡುವ ಹಕ್ಕು ನಿನಗಿಲ್ಲ.

ಜುಲೈ ರಜೆಗೆ ಅವಳು ಅಲ್ಲಿಗೆ ಬರುವುದಿಲ್ಲ. ನಾನೇ ಅವಳನ್ನು ಪೆರಿಷರ್‌ಗೆ ಸ್ಕೀಯಿಂಗಿಗೆ ಕರೆದೊಯ್ಯುತ್ತೇನೆ. ಆಫೀಸಿನಲ್ಲಿ ರಜೆ ಕೇಳಿ ಆಯಿತು, ರೂಮೂ ಬುಕ್ ಮಾಡಿ ಆಯಿತು. ವಿರುಪಾಕ್ಷನಿಗೆ ಹೇಳಿಬಿಡು.

ಮಾಧುರಿ

*

ಪಾಯಿಂಟ್ ಕುಕ್, ಮೆಲ್ಬರ್ನ್
18 ಜೂನ್ 2025

ಮಾಧುರಿಯವರಿಗೆ,

ವಿರುಪಾಕ್ಷರಿಗೆ ಹೇಳಿದ್ದೇನೆ. ಅವರಿಗೆ ಬೇಸರವಾಗಿದೆ, ಆದರೆ ಒಪ್ಪಿದ್ದಾರೆ.

ಗ್ಲೌಸ್ ವಿಷಯ ಸಿಂಚನಾಳನ್ನೇ ಕೇಳಿ. ನಾನು ಹೇಳಿದರೆ ನೀವು ನಂಬುವುದಿಲ್ಲ.

ನೀವು ನನ್ನನ್ನು ನೀನು ಎಂದು ಬರೆದಿದ್ದೀರಿ. ನಾನು ನೀವು ಎಂದೇ ಬರೆಯುತ್ತೇನೆ. ನಮ್ಮ ಸಿಸ್ಟರ್ ಹಾಗೆಯೇ ಕಲಿಸಿದ್ದು.

ಜೋವಿಟಾ

*

ನಾರ್ವೆಸ್ಟ್, ಸಿಡ್ನಿ
11 ಜುಲೈ 2025

ಜೋವಿಟಾ,

ಪೆರಿಷರ್‌ಗೆ ಹೋಗಿ ಬಂದೆವು. ನಾನೂ ಸಿಂಚನಾಳೂ, ಇಬ್ಬರೇ. ಹಿಮ ಅಂದರೆ ಹಿಮ. ನಿಮ್ಮ ಬೆಟ್ಟದ ಹಾಗೆ ಯಂತ್ರ ಉಗುಳಿದ್ದಲ್ಲ, ಮೇಲಿನಿಂದ ದೇವರೇ ಸುರಿದದ್ದು. ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೆ ನೀನೊಬ್ಬಳೇ ವರ್ಣನೆ ಮಾಡಿ ಬರೆಯಬಹುದೇ? ನಾನೂ ಬರೆಯುತ್ತೇನೆ, ಓದು.

ಸಿಂಚನಾ ನನಗೆ ಟೀಚರ್. "ಮಮ್, ಬೆಂಡ್ ಯುವರ್ ನೀಸ್. ಮಮ್, ಪಿಜ್ಜಾ!" ಅಂತ ಒಂದೇ ಸಮ. ಕಲಿಸುವವರಿಗೆ ದುಡ್ಡು ಯಾಕೆ, ನಾನೇ ಕಲಿಸುತ್ತೇನೆ ಅಂದಳು. ನನ್ನ ಕೈ ಹಿಡಿದು ಹಿಂದುಹಿಂದಕ್ಕೆ ಜಾರುತ್ತಾ ನನ್ನನ್ನು ಇಳಿಸಿದಳು. ಅವಳು ಸಣ್ಣವಳಿದ್ದಾಗ ನಾನು ಹಾಗೆಯೇ ಅವಳಿಗೆ ನಡೆಯಲು ಕಲಿಸಿದ್ದೆ. ಗುಲಾಬಿ ಗ್ಲೌಸ್ ಹಾಕಿಕೊಂಡಿದ್ದಳು, ಗೊತ್ತಿರಲಿ.

ಆಮೇಲೆ ನಾನು ಬಿದ್ದೆ. ಮಾಮೂಲಿ ಬೀಳುವುದಲ್ಲ. ಪಿಜ್ಜಾ ಮಾಡಲು ಹೋಗಿ ಚಿಪ್ಸ್ ಮಾಡಿಕೊಂಡು, ಸಾಲಾಗಿ ನಿಂತಿದ್ದ ಚಿಳ್ಳೆಪಿಳ್ಳೆಗಳ ಕ್ಲಾಸಿನ ನಡುವೆಯೇ ನುಗ್ಗಿ ಅಂಗಾತ ಬಿದ್ದೆ. ಬಿದ್ದಾಗ ಒಂದು ಸಂಗತಿ ನಡೆಯಿತು. ಅದೇನು ಅಂತ ಈಗ ಹೇಳುವುದಿಲ್ಲ.

ಮೊದಲು ನೀನು ಒಂದಕ್ಕೆ ಉತ್ತರ ಕೊಡು. ಬುಲರ್‌ನಲ್ಲಿ ಬಿದ್ದಾಗ ಸಿಂಚನಾ ಕೂಗಿದ್ದು ಸರಿಯಾಗಿ ಏನು? ನಿನ್ನ ಶಾಲೆಯ ಕನ್ನಡದಲ್ಲಿ ಬೇಡ. ಅವಳ ಬಾಯಿಂದ ಏನು ಬಂತೋ ಹಾಗೆಯೇ ಬರೆ.

ಮಾಧುರಿ

*

ಪಾಯಿಂಟ್ ಕುಕ್, ಮೆಲ್ಬರ್ನ್
12 ಜುಲೈ 2025

ಮಾಧುರಿಯವರಿಗೆ,

ನೀವು ಯಾಕೆ ಕೇಳುತ್ತೀರಿ ಎಂದು ಅರ್ಥವಾಗಲಿಲ್ಲ. ಸರಿಯಾಗಿ ಹೇಳುವುದಾದರೆ ಅವಳು ಕೂಗಿದ್ದು "ಯವ್ವಾ" ಎಂದು. ಪುಸ್ತಕದಲ್ಲಿ ಅವ್ವ ಎಂದೇ ಇರುವುದಲ್ಲವೇ? ಮಗುವಿಗೆ ಉಚ್ಚಾರ ಬರುವುದಿಲ್ಲ ಎಂದು ತಿಳಿದು ನಾನು ತಿದ್ದಿ ಬರೆದೆ.

ಜೋವಿಟಾ

*

ನಾರ್ವೆಸ್ಟ್, ಸಿಡ್ನಿ
12 ಜುಲೈ 2025

ಅಯ್ಯೋ ಜೋವಿಟಾ! ತಿದ್ದಿ ಬರೆದೆಯಾ!

ನೀನು ತಿದ್ದಿದ ಒಂದಕ್ಷರಕ್ಕೆ ನಾನು ಒಂದು ತಿಂಗಳು ಹೊಟ್ಟೆಗೆ ಬೆಂಕಿ ಹಾಕಿಕೊಂಡು ಕೂತಿದ್ದೆನಲ್ಲ. ಕೇಳು. ನಮ್ಮ ಕಡೆ ಬಾಗಿಲಿಗೆ ಬೆರಳು ಸಿಕ್ಕರೂ ಯವ್ವಾ, ಹಾಲು ಉಕ್ಕಿದರೂ ಯವ್ವಾ, ಕರೆಂಟ್ ಬಿಲ್ ಬಂದರೂ ಯವ್ವಾ. ಅದು ಯಾರನ್ನೂ ಕರೆಯುವುದಲ್ಲ. ಮೈ ನೊಂದಾಗ, ಜೀವ ಝಲ್ ಅಂದಾಗ ಬಾಯಿಂದ ತಾನಾಗಿ ಬೀಳುವ ಸದ್ದು. ನಾನು ಪೆರಿಷರ್‌ನಲ್ಲಿ ಅಂಗಾತ ಬಿದ್ದಾಗ ಬೆಟ್ಟವೆಲ್ಲ ಕೇಳುವಂತೆ "ಯವ್ವಾ!" ಅಂದೆ. ಸಿಂಚನಾ ಹಿಮದಲ್ಲಿ ಹೊರಳಾಡಿ ನಕ್ಕಳು. "ಮಮ್, ಐ ಡೂ ದಟ್ ಟೂ! ಐ ಸೆಡ್ ಯವ್ವಾ ವೆನ್ ಐ ಫೆಲ್ ಅಟ್ ಬುಲರ್, ಜೋವಿಟಾ ಆಂಟಿ ಕೇಮ್ ರನಿಂಗ್. ಇಟ್ ಜಸ್ಟ್ ಕಮ್ಸ್ ಔಟ್" ಅಂದಳು.

ತಾನಾಗಿ ಬರುತ್ತದಂತೆ! ಎಲ್ಲಿಂದ ಬಂತು ಹೇಳು? ನನ್ನ ಅಡುಗೆಮನೆಯಿಂದ ಬಂತು. ನನ್ನ ಬಾಯಿಂದ ಅವಳ ಬಾಯಿಗೆ ಹೋಗಿ ಕೂತ ಮಾತು ಅದು. ನಾನು ಕಲಿಸಿದ ಅವ್ವ ಬರಲಿಲ್ಲ, ಕಲಿಸದೆ ಇದ್ದ ಯವ್ವಾ ಬಂದಿದೆ. ಅವಳು ನಿನ್ನನ್ನು ಕರೆಯಲಿಲ್ಲ ಜೋವಿಟಾ. ನೀನು ಸುಮ್ಮಸುಮ್ಮನೆ ಓ ಅಂದೆ. ಯಾರೋ ಸೀನಿದ್ದಕ್ಕೆ ನನ್ನನ್ನೇ ಕರೆದರು ಅಂತ ಎದ್ದು ಹೋದ ಹಾಗೆ ಆಯಿತು ನಿನ್ನ ಕಥೆ.

ಇದನ್ನು ಬರೆಯುವಾಗ ನನಗೆ ಎಷ್ಟು ಖುಷಿಯಾಗುತ್ತಿದೆ ಅಂತ ಹೇಳಲಾರೆ. ಆಗಸ್ಟಿನಲ್ಲಿ ಅವಳು ಏನು ಹೇಳುತ್ತಾಳೆ ಅನ್ನುವ ಹೆದರಿಕೆಯೂ ಈಗ ನನಗಿಲ್ಲ.

ಮಾಧುರಿ

*

ಪಾಯಿಂಟ್ ಕುಕ್, ಮೆಲ್ಬರ್ನ್
3 ಆಗಸ್ಟ್ 2025

ಮಾಧುರಿಯವರಿಗೆ,

ಉತ್ತರಿಸಲು ತಡವಾಯಿತು. ಡ್ಯೂಟಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತಿದ್ದೆ. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ಶೀತ ಎಂದು ಹೇಳುತ್ತಿದ್ದೆ.

ನಾವು ಬಿದ್ದರೆ "ಸಾಯ್ಬಾ" ಎನ್ನುತ್ತೇವೆ. ದೇವರನ್ನು ಕರೆಯುವುದು. ನೀವು ಅವ್ವನನ್ನು ಕರೆಯುವುದು ಎಂದು ನನಗೆ ತಿಳಿಯಬೇಕಿತ್ತು. ತಿಳಿಯಲು ಮನಸ್ಸಿರಲಿಲ್ಲ, ಅಷ್ಟೆ.

ಹೊಟ್ಟೆಕಿಚ್ಚು ನಿಮಗೆ ಮಾತ್ರ ಎಂದು ತಿಳಿಯಬೇಡಿ. ಸಿಂಚನಾ ಬಂದಾಗಲೆಲ್ಲ ಅವಳ ಬ್ಯಾಗು ಬಿಚ್ಚಿದರೆ ನಿಮ್ಮ ಮನೆಯ ಒಗ್ಗರಣೆಯ ವಾಸನೆ. ನಿಮ್ಮ ಹೋಳಿಗೆ ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತಾಳೆ, ನನಗೆ ಅರ್ಧ ತುಂಡು ಕೊಡುವಾಗಲೂ ಉಳಿದದ್ದನ್ನು ಲೆಕ್ಕ ನೋಡುತ್ತಾಳೆ. ನಿಮ್ಮ ಗುಲಾಬಿ ಗ್ಲೌಸನ್ನು ಒದ್ದೆ ಮಾಡುವುದಿಲ್ಲ ಎಂದು ಎರಡೂ ದಿನ ಜಾಕೆಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದಳು. ಅದಕ್ಕೇ ನೀಲಿ ಕೊಡಿಸಿದ್ದು.

ಸ್ಕೀಯಿಂಗ್ ಯಾರ ಯೋಜನೆ ಎಂದು ಈಗ ಹೇಳಬಹುದು, ಗುಟ್ಟು ಹೇಗೂ ಮುಗಿಯಿತು. ಅವಳದ್ದೇ. ನಮ್ಮೊಡನೆ ಮೊದಲೇ ಕಲಿತು, ಜುಲೈ ರಜೆಯಲ್ಲಿ ಮಮ್‌ಗೆ ಕಲಿಸಬೇಕು ಎಂದು ಏಪ್ರಿಲಿನಿಂದ ಅಪ್ಪನ ಬೆನ್ನು ಹತ್ತಿದ್ದಳು. ನೀವು ಸಿಟ್ಟಿನಲ್ಲಿ ಪೆರಿಷರ್ ಬುಕ್ ಮಾಡಿದಿರಿ. ಅವಳಿಗೆ ಬೇಕಾದದ್ದೂ ಅದೇ ಆಗಿತ್ತು. ಚೇರ್‌ಲಿಫ್ಟಿನಲ್ಲಿ ನನ್ನ ಪಕ್ಕ ಕುಳಿತು ಅವಳು ಮಾತನಾಡಿದ್ದೆಲ್ಲ ನಿಮ್ಮ ವಿಷಯ. ನಾನು ಅದನ್ನು ಜೂನಿನ ಪತ್ರದಲ್ಲಿ ಬರೆಯಲಿಲ್ಲ. ನನ್ನನ್ನು ಅವ್ವ ಎಂದಳು ಎನ್ನುವ ಸುದ್ದಿಗೆ ಜಾಗ ಬೇಕಿತ್ತಲ್ಲ.

ಕೊನೆಯದಾಗಿ ಒಂದು ಮಾತು. ಅವಳು ಕರೆದದ್ದು ನನ್ನನ್ನಲ್ಲ, ಒಪ್ಪಿದೆ. ಆದರೆ ಅವಳು ಬಿದ್ದದ್ದು ನಿಜ. ಅಲ್ಲಿ ಇದ್ದವಳು ನಾನು. ಇನ್ನು ಮೇಲೆ ಓ ಎನ್ನುವುದಿಲ್ಲ. ಸುಮ್ಮನೆ ಹೋಗಿ ಎತ್ತುತ್ತೇನೆ.

ಜೋವಿಟಾ

*

ನಾರ್ವೆಸ್ಟ್, ಸಿಡ್ನಿ
24 ಆಗಸ್ಟ್ 2025

ಜೋವಿಟಾ,

ವಿರುಪಾಕ್ಷ ನಿನಗೆ ಹೇಳಿರಬೇಕು. ಅರ್ಧವನ್ನಾದರೂ ಹೇಳಿರುತ್ತಾನೆ. ಉಳಿದರ್ಧ ನಾನು ಹೇಳುತ್ತೇನೆ.

ಶುಕ್ರವಾರ ಆಫ್ಟರ್ ಸ್ಕೂಲ್ ಕೇರ್‌ನಿಂದ ಕರೆತರುವಾಗ ಕಾರಿನಲ್ಲಿ "ಮಮ್, ಪ್ಲೀಸ್ ಡೋಂಟ್ ಬಿ ಸ್ಯಾಡ್" ಅಂತ ಶುರು ಮಾಡಿದಳು. ಅಷ್ಟಕ್ಕೇ ನನಗೆ ತಿಳಿಯಿತು. ಹೈಸ್ಕೂಲಿನ ಮೊದಲ ಎರಡು ವರ್ಷ ಮೆಲ್ಬರ್ನ್, ಆಮೇಲೆ ನೋಡೋಣ ಅಂದಳು. "ಹಿಮದ ಸಲುವಾಗೇನು?" ಅಂತ ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ. "ನೋ ಮಮ್. ವೆನ್ ಐ ಗೆಟ್ ಹೋಮ್ ಫ್ರಮ್ ಸ್ಕೂಲ್, ಜೋವಿಟಾ ಆಂಟಿ ವಿಲ್ ಬಿ ದೇರ್" ಅಂದಳು. ಅಷ್ಟೇ ಅವಳ ಕಾರಣ. ಆಫೀಸ್ ಮುಗಿಸಿ ಅವಳನ್ನು ಕರೆತರಲು ನಾನು ಹೋದಾಗಲೆಲ್ಲ ಆ ಕೇರ್‌ನಲ್ಲಿ ಉಳಿದಿರುವ ಮಕ್ಕಳಲ್ಲಿ ಅವಳೇ ಕೊನೆಯವಳು. ಹಿಮಕ್ಕೆ ಹೋಗುತ್ತೇನೆ ಅಂದಿದ್ದರೆ ಜಗಳವಾಡುತ್ತಿದ್ದೆ. ಇದಕ್ಕೆ ಏನಂತ ಜಗಳವಾಡಲಿ?

ಪಾರ್ಕಿಂಗಿನಲ್ಲಿ ಇಳಿಯುವಾಗ ಕಾರಿನ ಬಾಗಿಲು ನನ್ನ ಮೊಳಕಾಲಿಗೆ ಬಡಿಯಿತು. ಯವ್ವಾ ಅಂದೆ. ಆಮೇಲೆ ಅದನ್ನೇ ನೆಪ ಮಾಡಿಕೊಂಡು ಅತ್ತೆ.

ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ನೀನು ಅವಳಿಗೆ ಬಾಗಿಲು ತೆಗೆಯುವುದನ್ನು ನೆನೆಸಿಕೊಂಡರೆ ಉರಿಯುತ್ತದೆ. ನೀಲಿ ಟೋಪಿಯ ಫೋಟೋ ಐಪ್ಯಾಡಿನಲ್ಲಿ ಇನ್ನೂ ಇದೆ, ಅದನ್ನು ಅಳಿಸಲು ಹೋದೆ, ಆಗಲಿಲ್ಲ, ಅವಳು ಅಷ್ಟು ಚೆನ್ನಾಗಿ ನಗುತ್ತಿರುವ ಫೋಟೋ ನನ್ನ ಹತ್ತಿರ ಇನ್ನೊಂದಿಲ್ಲ. ಈ ಉರಿ ಇರಲಿ, ನಾನು ಅನುಭವಿಸುತ್ತೇನೆ. ಹೈಸ್ಕೂಲ್ ಶುರುವಾಗುವ ಜನವರಿಯವರೆಗೆ ಅವಳು ನನ್ನವಳು, ಆ ದಿನಗಳಲ್ಲಿ ಪಾಲು ಕೇಳಬೇಡ. ಮುಂದಿನ ಜೂನಿಗೆ ಬೆಟ್ಟಕ್ಕೆ ಹೋಗುವಾಗ ನಾನೂ ಬರುತ್ತೇನೆ, ಅದನ್ನೂ ಈಗಲೇ ಹೇಳಿಟ್ಟಿರುತ್ತೇನೆ. ನೀಲಿ ಟೋಪಿ ಮಾತ್ರ ಹಾಕುವುದಿಲ್ಲ.

ಅವಳ ಕಾಲಿಗೆ ನೆಲ ಕಾಣಿಸುವುದಿಲ್ಲ. ಮಂಚಕ್ಕೆ ಎಡವುತ್ತಾಳೆ, ಮೆಟ್ಟಿಲಿಗೆ ಎಡವುತ್ತಾಳೆ, ಪ್ರತಿ ಸಲವೂ ಯವ್ವಾ ಅನ್ನುತ್ತಾಳೆ. ಅದು ನಿನ್ನನ್ನು ಕರೆದದ್ದಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಸುಮ್ಮನೆ ಹೋಗಿ ಎತ್ತುತ್ತೇನೆ ಅಂತ ಬರೆದಿದ್ದೀಯಲ್ಲ, ಅದು ಬ್ಯಾಡ. ಬಿದ್ದ ಕೂಸಿಗೆ ತನ್ನ ದನಿ ಯಾರಿಗೋ ಕೇಳಿಸಿತು ಅಂತ ಮೊದಲು ಗೊತ್ತಾಗಬೇಕು, ಎತ್ತುವುದು ಆಮೇಲೆ. ನಾನು ಇಲ್ಲಿಂದ ಎಷ್ಟು ಜೋರಾಗಿ ಓ ಅಂದರೂ ಪಾಯಿಂಟ್ ಕುಕ್‌ಗೆ ಕೇಳಿಸುವುದಿಲ್ಲ.

ನೀನೇ ಓ ಅನ್ನು, ಜೋವಿಟಾ. ಗಟ್ಟಿಯಾಗಿ ಅನ್ನು.

ಮಾಧುರಿ